ನಿಧಾನಗೊಳಿಸುವವನ ಲೆಕ್ಕ

ಈ ಬರಹದಲ್ಲಿ ‘ನಾವು’ ಎಂದರೆ ಮೂವರು. ಒಬ್ಬ ಪುಣೆಯಲ್ಲೇ ಉಳಿದಿದ್ದಾನೆ, ಒಬ್ಬ ಮುಂಬಯಿಯಲ್ಲಿದ್ದಾನೆ, ಇನ್ನೊಬ್ಬ ಚೆನ್ನೈಯಲ್ಲಿ. ಮೂವರೂ ನಲವತ್ತು ದಾಟಿದವರು. ಭಾನುವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಒಂದೂವರೆ ಗಂಟೆ ಕಂಪ್ಯೂಟರ್ ಆಟ ಆಡುವವರು. ಸಾಹಿತ್ಯದ ಬಳಗದಲ್ಲಿ ಆಟದ ಮಾತೇಕೆ ಎಂದು ಕೇಳುವ ಹಿರಿಯರಿಗೆ ನಮ್ಮಲ್ಲಿ ಎರಡು ಉತ್ತರಗಳಿವೆ. ಇಪ್ಪತ್ತು ವರ್ಷಗಳಿಂದ ನಮ್ಮ ಮೂವರ ನಡುವೆ ಕನ್ನಡ ಬಳಕೆಯಲ್ಲಿ ಉಳಿದಿರುವುದು ಮುಖ್ಯವಾಗಿ ಈ ಆಟದ ಹೊತ್ತಿನಲ್ಲಿ ಎಂಬುದು ಮೊದಲನೆಯದು. ನಾವು ಒಪ್ಪಿಕೊಳ್ಳಬೇಕಾದ ಒಂದು ತಪ್ಪಿದೆ, ಆಟವನ್ನು ವಿವರಿಸದೆ ಆ ತಪ್ಪನ್ನು ಹೇಳಲಾಗದು ಎಂಬುದು ಎರಡನೆಯದು.

ಮೊದಲು ನಾವು ನಾಲ್ವರಿದ್ದೆವು. 2002ರ ಸುಮಾರಿಗೆ ಪುಣೆಯಲ್ಲಿ ಕಾಲೇಜು ಓದುತ್ತಿದ್ದಾಗ ಭಾನುವಾರದ ಮಧ್ಯಾಹ್ನ ಒಂದು ಸೈಬರ್ ಕೆಫೆಯಲ್ಲಿ ಸೇರುತ್ತಿದ್ದೆವು. ಎಂಟು ಕಂಪ್ಯೂಟರು, ಒಂದೇ ಫ್ಯಾನು, ಗಂಟೆಗೆ 20 ರೂಪಾಯಿ. ನಮ್ಮ ಮೂವರ ಮನೆಯವರು ಧಾರವಾಡ, ವಿಜಯಪುರದ ಕಡೆಯಿಂದ ಬಂದು ನೆಲೆಸಿದವರು. ನಾಲ್ಕನೆಯವನು ಉಡುಪಿಯ ಕಡೆಯವನು. ಅವನ ತಂದೆ ಹೋಟೆಲು ನಡೆಸುತ್ತಿದ್ದರು. ಮಧ್ಯಾಹ್ನದ ಊಟದ ಗದ್ದಲ ಇಳಿಯುವ ತನಕ ಅವನು ಗಲ್ಲಾದಲ್ಲಿ ಕೂರಬೇಕಾಗಿತ್ತು. ಹಾಗಾಗಿ ಯಾವಾಗಲೂ ಅರ್ಧ ಗಂಟೆ ತಡವಾಗಿ ಬರುತ್ತಿದ್ದ. ಅಷ್ಟರಲ್ಲಿ ಒಳ್ಳೆಯ ಕಂಪ್ಯೂಟರುಗಳೆಲ್ಲ ಭರ್ತಿಯಾಗಿ, ಬಾಗಿಲ ಪಕ್ಕದ ಹಳೆಯದೊಂದು ಅವನ ಪಾಲಿಗೆ ಬರುತ್ತಿತ್ತು.

ಆಟದ ಹೆಸರು ಡಯಾಬ್ಲೊ 2. 2000ದಲ್ಲಿ ಬಂದದ್ದು. ಹಲವರು ಒಂದೇ ಕೋಣೆಯ ಕಂಪ್ಯೂಟರುಗಳನ್ನು ಜೋಡಿಸಿಕೊಂಡು ಒಟ್ಟಾಗಿ ಆಡಬಹುದಿತ್ತು. ಹಾಗೆ ಆಡುವಾಗ ಪ್ರತಿಯೊಬ್ಬನ ಪಾತ್ರ ಅವನವನ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಕಡತವಾಗಿ ಉಳಿಯುತ್ತಿತ್ತು. ಮುಂದಿನ ವಾರ ಅದೇ ಕಂಪ್ಯೂಟರು ಸಿಗುವ ಭರವಸೆ ಇಲ್ಲದ ಕಾರಣ ನಾವು ಆ ಕಡತವನ್ನು ಫ್ಲಾಪಿಗೆ ಇಳಿಸಿಕೊಂಡು ಅಂಗಿಯ ಜೇಬಿನಲ್ಲಿಟ್ಟು ಮನೆಗೆ ಒಯ್ಯುತ್ತಿದ್ದೆವು. ಒಂದು ಫ್ಲಾಪಿ ಕೆಟ್ಟರೆ ಮೂರು ತಿಂಗಳ ಶ್ರಮ ಹೋದಂತೆ.

ಇಂಥ ಆಟಗಳನ್ನು ಆ್ಯಕ್ಷನ್ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಆಡುವವನು ಒಂದು ಪಾತ್ರವನ್ನು ಆರಿಸಿಕೊಂಡು, ಕೊಲ್ಲುತ್ತ, ಕಲಿಯುತ್ತ, ಆಯುಧ ಕವಚಗಳನ್ನು ಹೆಕ್ಕುತ್ತ ಮುನ್ನಡೆಯಬೇಕು. ಹೋರಾಟ ಸರದಿಯಲ್ಲಿ ನಡೆಯುವುದಿಲ್ಲ. ಕೈ ಎಷ್ಟು ಚುರುಕೋ ಅಷ್ಟು. ದಾರಿಯುದ್ದಕ್ಕೂ ಸಣ್ಣ ಪ್ರಾಣಿಗಳು, ಪಿಶಾಚಿಗಳು ಹಿಂಡುಹಿಂಡಾಗಿ ಬರುತ್ತವೆ. ದಾರಿಯ ಕೊನೆಯಲ್ಲಿ ದೊಡ್ಡದೊಂದು ಕಾದಿರುತ್ತದೆ. ಅದಕ್ಕೆ ಬಾಸ್ ಎಂದು ಹೆಸರು.

ಹಿಂಡನ್ನು ಎದುರಿಸಲು ಎರಡು ದಾರಿಗಳಿವೆ. ಒಂದು, ಹೊಡೆಯುವುದು. ಇನ್ನೊಂದು, ಹೊಡೆಯದೆ ತಡೆಯುವುದು: ಹೆಪ್ಪುಗಟ್ಟಿಸುವುದು, ದಿಗ್ಭ್ರಮೆಗೊಳಿಸುವುದು, ಕುರುಡಾಗಿಸುವುದು, ಹೆದರಿಸಿ ಓಡಿಸುವುದು, ಕಾಲು ಭಾರವಾಗುವಂತೆ ನಿಧಾನಗೊಳಿಸುವುದು. ಈ ಎರಡನೆಯ ವಿದ್ಯೆಗಳಿಗೆಲ್ಲ ಒಟ್ಟಾಗಿ ಕ್ರೌಡ್ ಕಂಟ್ರೋಲ್ ಎನ್ನುತ್ತಾರೆ. ಹೆಸರೇ ಹೇಳುವಂತೆ ಅದು ಗುಂಪಿಗಾಗಿ ಹುಟ್ಟಿದ ವಿದ್ಯೆ. ಗುಂಪಿನ ಮುಂದೆ ಒಬ್ಬನೇ ನಿಂತಾಗ, ಹತ್ತು ಕೈಗಳಲ್ಲಿ ಏಳು ಅಲುಗಾಡದಂತೆ ಮಾಡಿದರೆ ಉಳಿದ ಮೂರನ್ನು ನೋಡಿಕೊಳ್ಳಬಹುದು ಎಂಬುದು ಅದರ ತರ್ಕ.

ಈ ವಿದ್ಯೆ ಬಾಸ್ ಮುಂದೆ ಏನಾಗುತ್ತದೆ ಎಂಬುದಕ್ಕೆ ನಮ್ಮವರಿಗೆಲ್ಲ ಗೊತ್ತಿರುವ ಒಂದು ಪ್ರಸಂಗವಿದೆ. ವಿರಾಟಪರ್ವದ ಉತ್ತರ ಗೋಗ್ರಹಣದಲ್ಲಿ ಅರ್ಜುನ ಸಮ್ಮೋಹನಾಸ್ತ್ರವನ್ನು ಬಿಡುತ್ತಾನೆ. ಕೌರವ ಸೇನೆ ಮೈಮರೆತು ನಿಲ್ಲುತ್ತದೆ. ದ್ರೋಣ, ಕೃಪ, ಕರ್ಣ, ಅಶ್ವತ್ಥಾಮ, ದುರ್ಯೋಧನರೂ ಅದಕ್ಕೆ ಹೊರತಲ್ಲ. ಅವರ ಉತ್ತರೀಯಗಳನ್ನು ತೆಗೆದುಕೊಂಡು ಬಾ ಎಂದು ಉತ್ತರಕುಮಾರನನ್ನು ಕಳಿಸುವಾಗ ಅರ್ಜುನ ಒಂದು ಎಚ್ಚರಿಕೆ ಹೇಳುತ್ತಾನೆ: ಭೀಷ್ಮರ ಹತ್ತಿರ ಹೋಗಬೇಡ, ಈ ಅಸ್ತ್ರಕ್ಕೆ ಪ್ರತಿಯೇನೆಂದು ಅವರು ಬಲ್ಲರು. ಇಡೀ ಸೇನೆಯನ್ನು ಮಲಗಿಸಿದ ಅಸ್ತ್ರ ಒಬ್ಬ ಮುದುಕನ ಮೇಲೆ ನಡೆಯಲಿಲ್ಲ. ಕಂಪ್ಯೂಟರ್ ಆಟ ಮಾಡುವವರು ಈ ಕಥೆ ಓದಿರಲಿಕ್ಕಿಲ್ಲ. ಆದರೆ ಅವರ ಬಾಸ್‌ಗಳೆಲ್ಲ ಭೀಷ್ಮನ ವಂಶದವರೇ.

ನಮ್ಮ ಗುಂಪಿನಲ್ಲಿ ಒಬ್ಬನದು ಬಾರ್ಬೇರಿಯನ್, ಒಬ್ಬನದು ಬಿಲ್ಲು ಹಿಡಿದ ಅಮೆಜಾನ್, ಒಬ್ಬನದು ಪ್ಯಾಲಡಿನ್. ಮೂರೂ ಹೊಡೆಯುವ ಪಾತ್ರಗಳು. ನಾಲ್ಕನೆಯವನು ಆರಿಸಿದ್ದು ನೆಕ್ರೊಮ್ಯಾನ್ಸರ್. ಅದು ಶಾಪ ಹಾಕುವ ಮಾಂತ್ರಿಕ. ಅವನ ಶಾಪಗಳಲ್ಲಿ ಒಂದು ಶತ್ರುವಿನ ಕಣ್ಣು ಮಂಕಾಗಿಸುತ್ತಿತ್ತು, ಒಂದು ಅವರವರಲ್ಲೇ ಹೊಡೆದಾಡಿಸುತ್ತಿತ್ತು, ಒಂದು ಹೆದರಿಸಿ ಓಡಿಸುತ್ತಿತ್ತು. ಆಟದ ಮೊದಲ ಸುತ್ತಿನಲ್ಲಿ ಅವನಿಂದಾಗಿ ನಾವು ಉಳಿದ ಸಂದರ್ಭಗಳಿಗೆ ಲೆಕ್ಕವಿಲ್ಲ. ಕೊನೆಯ ಬಾಸ್ ಆದ ಬಾಲ್ ತಾನು ಕಾದುವ ಮೊದಲು ಐದು ಅಲೆಗಳಲ್ಲಿ ಸೇವಕರನ್ನು ಕಳಿಸುತ್ತಾನೆ. ಆ ಅಲೆಗಳು ಸಿಂಹಾಸನದ ಕೋಣೆಯ ತುಂಬ ಹರಡುವ ಮೊದಲೇ ನಾಲ್ಕನೆಯವನ ಶಾಪ ಬಿದ್ದು ಅರ್ಧ ಜನ ಕುರುಡಾಗಿ ನಿಂತಿರುತ್ತಿದ್ದರು. ನಾವು ಮೂವರು ಉಳಿದ ಅರ್ಧವನ್ನು ಕೊಚ್ಚಿ, ಆಮೇಲೆ ಕುರುಡರ ಕಡೆಗೆ ತಿರುಗುತ್ತಿದ್ದೆವು.

ಬಾಸ್ ಎದುರಾದೊಡನೆ ಚಿತ್ರ ಬದಲಾಗುತ್ತಿತ್ತು. ಬಾಸ್ ಕುರುಡಾಗದು, ಹೆದರದು, ಹೆಪ್ಪುಗಟ್ಟದು. ನಾಲ್ಕನೆಯವನು ತಿಂಗಳುಗಟ್ಟಲೆ ಕೂಡಿಸಿದ್ದ ವಿದ್ಯೆಯಲ್ಲಿ ಮುಕ್ಕಾಲು ಪಾಲು ಆ ಬಾಗಿಲಿನ ಹೊರಗೇ ಉಳಿಯುತ್ತಿತ್ತು. ಒಳಗೆ ಅವನ ಕೈಯಲ್ಲಿ ಮುಖ್ಯವಾಗಿ ಎರಡು ಶಾಪಗಳಿರುತ್ತಿದ್ದವು. ಒಂದು ಆಂಪ್ಲಿಫೈ ಡ್ಯಾಮೇಜ್: ಕತ್ತಿ, ಬಾಣಗಳ ಪೆಟ್ಟು ಶತ್ರುವಿಗೆ ಸುಮಾರು ಎರಡರಷ್ಟು ತಾಗುವಂತೆ ಮಾಡುವುದು. ಇನ್ನೊಂದು ಡಿಕ್ರೆಪಿಫೈ, ಅಂದರೆ ಮುದಿಯಾಗಿಸುವ ಶಾಪ: ಶತ್ರುವಿನ ನಡಿಗೆ ನಿಧಾನ, ಹೊಡೆತ ನಿಧಾನ, ಹೊಡೆದ ಪೆಟ್ಟೂ ಸಡಿಲ. ಅದರಿಂದ ನಮ್ಮ ಪೆಟ್ಟಿಗೂ ಸ್ವಲ್ಪ ಲಾಭವಿತ್ತು, ಆದರೆ ಆಂಪ್ಲಿಫೈನಷ್ಟಲ್ಲ. ಬಾಸ್‌ಗಳ ಮೇಲೂ ನಡೆಯುತ್ತಿದ್ದ ಕೆಲವೇ ತಡೆವಿದ್ಯೆಗಳಲ್ಲಿ ಇದೊಂದು. ಆಟದ ನಿಯಮದಂತೆ ಒಂದು ಶತ್ರುವಿನ ಮೇಲೆ ಒಂದು ಹೊತ್ತಿಗೆ ಒಂದೇ ಶಾಪ ನಿಲ್ಲುತ್ತದೆ. ಎರಡನೆಯದು ಬಿದ್ದರೆ ಮೊದಲನೆಯದು ಅಳಿಯುತ್ತದೆ. ಆದ್ದರಿಂದ ಅವನು ಆರಿಸಲೇಬೇಕಾಗಿತ್ತು. ಅವನು ಯಾವಾಗಲೂ ಡಿಕ್ರೆಪಿಫೈ ಆರಿಸುತ್ತಿದ್ದ. ಅದರ ಜತೆಗೆ ಒಂದು ಮಣ್ಣಿನ ಗೊಂಬೆಯನ್ನೂ ಎಬ್ಬಿಸಿ ಮುಂದಕ್ಕೆ ಬಿಡುತ್ತಿದ್ದ. ಆ ಗೊಂಬೆ ತಾಗಿದ ಶತ್ರು ಇನ್ನಷ್ಟು ನಿಧಾನವಾಗುತ್ತಿತ್ತು.

ನಮಗೆ ಇದು ಸರಿಬೀಳುತ್ತಿರಲಿಲ್ಲ. ಕಾರಣ ಸರಳ. ಡಯಾಬ್ಲೊ 2ರಲ್ಲಿ ಶತ್ರುವಿನ ಬಗ್ಗೆ ಪರದೆ ತೋರಿಸುತ್ತಿದ್ದ ಲೆಕ್ಕ ಒಂದೇ: ಮೇಲ್ಗಡೆ ಒಂದು ಕೆಂಪು ಪಟ್ಟಿ, ಶತ್ರುವಿನ ಪ್ರಾಣ. ಆಂಪ್ಲಿಫೈ ಬಿದ್ದರೆ ಆ ಪಟ್ಟಿ ಬೇಗ ಬೇಗ ಕರಗುತ್ತಿತ್ತು. ಡಿಕ್ರೆಪಿಫೈ ಬಿದ್ದರೆ ಅಷ್ಟು ಬೇಗ ಕರಗುತ್ತಿರಲಿಲ್ಲ. ಡಿಕ್ರೆಪಿಫೈನಿಂದಾಗಿ ಎಷ್ಟು ಹೊಡೆತಗಳು ನಮ್ಮ ಮೇಲೆ ಬೀಳದೇ ಹೋದವು, ಎಷ್ಟು ಸಲ ಔಷಧಿಯ ಬಾಟಲಿ ಉಳಿಯಿತು, ಎಷ್ಟು ಸಲ ಸಾಯಬೇಕಾದವರು ಸಾಯಲಿಲ್ಲ ಎಂಬುದನ್ನು ತೋರಿಸುವ ಪಟ್ಟಿ ಪರದೆಯ ಯಾವ ಮೂಲೆಯಲ್ಲೂ ಇರಲಿಲ್ಲ. ಇಲ್ಲದ ಲೆಕ್ಕವನ್ನು ಊಹಿಸುವ ಬುದ್ಧಿ ನಮಗೂ ಇರಲಿಲ್ಲ.

ಜಗಳವಾದದ್ದು ಡ್ಯೂರಿಯೆಲ್‌ನ ಕೋಣೆಯಲ್ಲಿ. ಆಟದ ಎರಡನೆಯ ಅಂಕದ ಬಾಸ್ ಅದು. ಮರುಭೂಮಿಯಲ್ಲಿ ತಾಲ್ ರಾಶನ ಹೆಸರಿನ ಏಳು ಸಮಾಧಿಗಳಿವೆ. ಅವುಗಳಲ್ಲಿ ನಿಜವಾದದ್ದನ್ನು ಹುಡುಕಿ, ಒಂದು ಕೋಲನ್ನು ನೆಟ್ಟರೆ ಗೋಡೆ ಒಡೆದು ದಾರಿಯಾಗುತ್ತದೆ. ಒಳಗೆ ಇಕ್ಕಟ್ಟಾದ ಗುಹೆ, ಅದರ ತುಂಬ ಕುಡುಗೋಲಿನಂಥ ಕೈಗಳ ದಪ್ಪ ಹುಳು. ಓಡಲು ಜಾಗವಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಡ್ಯೂರಿಯೆಲ್‌ನ ಸುತ್ತ ಸದಾ ಒಂದು ಹಿಮದ ವಲಯ ಇರುತ್ತದೆ. ಹತ್ತಿರ ಹೋದವರ ಕೈಕಾಲು ನಿಧಾನವಾಗುತ್ತವೆ. ನಮ್ಮ ಪ್ಯಾಲಡಿನ್ ಕಲಿಯಬಹುದಾಗಿದ್ದ ಹೋಲಿ ಫ್ರೀಜ್ ಎಂಬ ವಿದ್ಯೆಯೇ ಅದು. ಪೆಟ್ಟು ಹೆಚ್ಚಿಸುವ ಇನ್ನೊಂದು ವಿದ್ಯೆಯ ಆಸೆಗೆ ಬಿದ್ದು ನಾವು ಅದನ್ನು ಕಲಿತಿರಲಿಲ್ಲ. ಬಾಸ್‌ನನ್ನು ನಾವು ತಡೆಯುವುದು ಕಷ್ಟ, ಆದರೆ ಬಾಸ್ ನಮ್ಮನ್ನು ತಡೆಯುತ್ತದೆ. ತಡೆಯುವುದರ ಬೆಲೆ ಏನೆಂದು ಆಟವೇ ಮುಖಕ್ಕೆ ಹಿಡಿದು ತೋರಿಸಿತ್ತು. ನಾವು ನೋಡಲಿಲ್ಲ.

ಅದು ನೈಟ್‌ಮೇರ್ ಎಂಬ ಎರಡನೆಯ ಸುತ್ತು. ಅಲ್ಲಿ ಸತ್ತರೆ ಗಳಿಸಿದ ಅನುಭವದಲ್ಲಿ ಒಂದಿಷ್ಟು ಕಡಿತವಾಗುತ್ತದೆ. ಮೈಮೇಲಿನ ಆಯುಧ ಕವಚಗಳು ಹೆಣದ ಜತೆಗೆ ಅಲ್ಲೇ ಉಳಿಯುತ್ತವೆ. ಮೊದಲ ಸಲ ಹೋಗಿ ಅರ್ಧಕ್ಕೆ ಹಿಂತಿರುಗಿದ್ದೆವು. ಎರಡನೆಯ ಸಲ ಹೊರಡುವ ಮುನ್ನ ನಮ್ಮಲ್ಲೊಬ್ಬ, ಯಾರೆಂದು ಬೇಡ, ಕೋಣೆಯ ಈ ತುದಿಯಿಂದ ಕೂಗಿದ: “ಏನಲೇ, ಆ ಮುದುಕನ ಶಾಪ ಬಿಟ್ಟು ಬ್ಯಾರೆ ಏನೂ ಬರೂದಿಲ್ಲೇನ್ ನಿನಗ? ಆಂಪ್ಲಿಫೈ ಹಾಕು. ಹೊಡ್ಯಾವ್ರು ನಾವದೀವಿ.” ಉಳಿದಿಬ್ಬರು ನಕ್ಕೆವು. ನಾಲ್ಕನೆಯವನು ಏನೂ ಹೇಳದೆ ಒಪ್ಪಿದ.

ಒಳಗೆ ಹೊಕ್ಕೆವು. ಆಂಪ್ಲಿಫೈ ಬಿತ್ತು. ಕೆಂಪು ಪಟ್ಟಿ ಕರಗತೊಡಗಿತು. ನಮಗೆ ಖುಷಿಯೋ ಖುಷಿ. ಪಟ್ಟಿ ಅರ್ಧಕ್ಕೆ ಇಳಿಯುವ ಮೊದಲೇ ಬಾರ್ಬೇರಿಯನ್ ಬಿದ್ದ, ಅವನ ಹಿಂದೆ ಪ್ಯಾಲಡಿನ್, ತಿರುಗಿ ಓಡಲು ನೋಡಿದ ಅಮೆಜಾನ್ ಮೂರನೆಯವಳು. ದೂರದಲ್ಲಿ ನಿಂತಿದ್ದ ನೆಕ್ರೊಮ್ಯಾನ್ಸರ್ ಮಾತ್ರ ಉಳಿದ. ಅವನು ತನ್ನ ಮಣ್ಣಿನ ಗೊಂಬೆಯನ್ನು ಅಡ್ಡ ಬಿಟ್ಟು, ಊರಿಗೆ ಹೋಗುವ ಮಾಯಾದ್ವಾರ ತೆರೆದು, ನಾವು ಹೆಣಗಳ ಬಳಿಗೆ ಮರಳಿ ಬರಲು ದಾರಿ ಮಾಡಿಕೊಟ್ಟ. ಬಂದು ಬಂದು ಸತ್ತೆವು. ಕೆಫೆಯ ಗಂಟೆ ಮುಗಿಯಿತು. ಎದ್ದಾಗ ನಾವು ಅವನಿಗೆ ಹೇಳಿದ ಮಾತು ಇದು: “ನಿನ್ನಿಂದ ಏನ್ ಆತು ಹೇಳು? ನೀ ಒಬ್ಬನ ಉಳ್ಕೊಂಡಿ, ಅಷ್ಟ.”

ಅವನು ಹೇಳಿದ್ದನ್ನೇ ಮಾಡಿದ್ದ. ನಾವು ಕೇಳಿದ ಶಾಪವನ್ನೇ ಹಾಕಿದ್ದ. ಸತ್ತದ್ದು ನಮ್ಮ ಆಯ್ಕೆಯಿಂದ. ಆದರೂ ತಪ್ಪು ಅವನ ತಲೆಗೇ ಹೋಯಿತು. ಅವನು ಫ್ಲಾಪಿಯನ್ನು ಜೇಬಿಗಿಟ್ಟುಕೊಂಡು, ತನ್ನ ಪಾಲಿನ ದುಡ್ಡು ಕೊಟ್ಟು ಹೊರಟ. ಮುಂದಿನ ಭಾನುವಾರ ಬರಲಿಲ್ಲ. ಹೋಟೆಲಿನಲ್ಲಿ ಕೆಲಸ ಹೆಚ್ಚಾಗಿದೆ ಎಂದ. ಅದರ ಮುಂದಿನ ಭಾನುವಾರವೂ ಅದನ್ನೇ ಹೇಳಿದ. ಸ್ನೇಹ ಮುರಿಯಲಿಲ್ಲ, ಮದುವೆಗಳಿಗೆ ಹೋದೆವು, ಹಬ್ಬಕ್ಕೆ ಸಂದೇಶ ಕಳಿಸಿಕೊಂಡೆವು. ಆಟದ ಮಾತು ಮಾತ್ರ ನಮ್ಮ ನಡುವೆ ಬರಲಿಲ್ಲ.

ಈಗ ಯೋಚಿಸಿದರೆ ಆ ಜಗಳದ ಅರ್ಧ ಕಾರಣ ನಾವು, ಇನ್ನರ್ಧ ಆಟದ ರಚನೆ. ಬಾಸ್‌ಗಳನ್ನು ತಡೆಗೆ ಬಗ್ಗದಂತೆ ಮಾಡುವುದಕ್ಕೆ ಆಟ ರಚಿಸುವವರಿಗೆ ಒಳ್ಳೆಯ ಕಾರಣವೇ ಇದೆ. ಬಾಸ್ ಎಂದರೆ ಆಡುವವನ ಮುಂದೆ ಇಟ್ಟ ಪ್ರಶ್ನೆಪತ್ರಿಕೆ. ಈ ಹೊಡೆತ ಬಂದರೆ ಎತ್ತ ಸರಿಯುತ್ತೀ, ಆ ಬೆಂಕಿ ಬಿದ್ದರೆ ಎಲ್ಲಿ ನಿಲ್ಲುತ್ತೀ ಎಂದು ಅದು ಒಂದೊಂದಾಗಿ ಕೇಳುತ್ತದೆ. ಅದನ್ನು ಹೆಪ್ಪುಗಟ್ಟಿಸಿ ನಿಲ್ಲಿಸಿಬಿಟ್ಟರೆ ಪ್ರಶ್ನೆ ಕೇಳುವ ಮೊದಲೇ ಪರೀಕ್ಷೆ ಮುಗಿದಂತೆ. ನಾಲ್ವರಿದ್ದರಂತೂ ಒಬ್ಬರಾದ ಮೇಲೊಬ್ಬರು ದಿಗ್ಭ್ರಮೆಗೊಳಿಸುತ್ತ ಹೋದರೆ ಬಾಸ್ ಒಮ್ಮೆಯೂ ಕೈ ಎತ್ತದೆ ಸಾಯುತ್ತದೆ. ಅಂಥ ಗೆಲುವಿನಲ್ಲಿ ಏನೂ ಇಲ್ಲ. ಹಾಗೆಂದು ಪೂರ್ತಿ ನಿಷೇಧಿಸಿದರೆ ತಡೆಯುವುದನ್ನೇ ಕಲಿತು ಬಂದವನು ಅತಿ ಮುಖ್ಯವಾದ ಹೊತ್ತಿನಲ್ಲಿ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ದಾರಿಯುದ್ದಕ್ಕೂ ನಿನ್ನ ವಿದ್ಯೆ ದೊಡ್ಡದು ಎಂದು ಹೇಳಿಕೊಂಡು ಬಂದ ಆಟ, ಬಾಗಿಲಲ್ಲಿ ನಿಲ್ಲಿಸಿ, ಇಲ್ಲಿಂದ ಮುಂದೆ ನೀನು ಬೇಡ ಎಂದಂತೆ.

ಇದಕ್ಕೊಂದು ಮಧ್ಯಮ ಮಾರ್ಗವನ್ನು ನಾವು ಡಯಾಬ್ಲೊ 3ರಲ್ಲಿ ಕಂಡೆವು. 2012ರಲ್ಲಿ ಬಂದ ಆ ಆಟದಲ್ಲಿ, ಮುಂದೆ ಆದ ತಿದ್ದುಪಡಿಯಂತೆ, ಶತ್ರುವನ್ನು ಒಮ್ಮೆ ತಡೆದರೆ ಅದಕ್ಕೆ ತಡೆಯ ವಿರುದ್ಧ ಒಂದಿಷ್ಟು ಸಹಿಷ್ಣುತೆ ಹುಟ್ಟುತ್ತದೆ. ಎರಡನೆಯ ತಡೆ ಕಡಿಮೆ ಹೊತ್ತು ನಿಲ್ಲುತ್ತದೆ, ಮೂರನೆಯದು ಇನ್ನೂ ಕಡಿಮೆ. ಬಿಡುವು ಕೊಟ್ಟರೆ ಸಹಿಷ್ಣುತೆ ಮೆಲ್ಲಗೆ ಇಳಿಯುತ್ತದೆ. ಜಪಾನಿನ ಮಾನ್‌ಸ್ಟರ್ ಹಂಟರ್ ಆಟಗಳಲ್ಲೂ ಇಂಥದೇ ನ್ಯಾಯ: ದೈತ್ಯ ಪ್ರಾಣಿಯನ್ನು ಒಮ್ಮೆ ಮಲಗಿಸಿದರೆ ಮುಂದಿನ ಸಲಕ್ಕೆ ಹೆಚ್ಚು ಮದ್ದು ಬೇಕು. ಈ ಏರ್ಪಾಡಿನಲ್ಲಿ ತಡೆ ಎಂಬುದು ಎಲ್ಲರಿಗೂ ಸೇರಿದ ಒಂದು ಹಣದ ಚೀಲವಾಗುತ್ತದೆ. ಒಬ್ಬ ಬೇಕಾಬಿಟ್ಟಿ ಖರ್ಚು ಮಾಡಿದರೆ, ಬಾಸ್ ನಿಜವಾಗಿ ಕೊಲ್ಲುವ ಹೊಡೆತಕ್ಕೆ ಕೈ ಎತ್ತಿದಾಗ ಚೀಲ ಖಾಲಿ. ಯಾವಾಗ ತಡೆಯಬೇಕು ಎಂಬುದಕ್ಕಿಂತ ಯಾವಾಗ ತಡೆಯದೆ ಇರಬೇಕು ಎಂಬುದೇ ದೊಡ್ಡ ವಿದ್ಯೆಯಾಗುತ್ತದೆ. ಹೊಡೆಯುವುದಷ್ಟೇ ಗೊತ್ತಿದ್ದ ನಾವು ಮೂವರು ಈ ಚೀಲವನ್ನು ಎಷ್ಟು ಸಲ ಮೊದಲ ಹತ್ತು ಸೆಕೆಂಡಿನಲ್ಲೇ ಬರಿದು ಮಾಡಿದೆವೋ! ಮಾನ್‌ಸ್ಟರ್ ಹಂಟರಿನಲ್ಲಿ ಕಷ್ಟಪಟ್ಟು ಮಲಗಿಸಿದ ಪ್ರಾಣಿಯನ್ನು, ಸುತ್ತ ಸಿಡಿಮದ್ದು ಜೋಡಿಸುವ ಮೊದಲೇ ನಮ್ಮಲ್ಲೊಬ್ಬ ಸಣ್ಣ ಕತ್ತಿಯಲ್ಲಿ ತಿವಿದು ಎಬ್ಬಿಸಿದ್ದುಂಟು.

ಡಯಾಬ್ಲೊ 3ರಲ್ಲೇ ಇನ್ನೊಂದು ಸಂಗತಿ ಕಂಡೆವು. 2014ರಿಂದ ಅದರಲ್ಲಿ ಗ್ರೇಟರ್ ರಿಫ್ಟ್ ಎಂಬ ಪಂದ್ಯ ಸೇರಿತು: 15 ನಿಮಿಷದೊಳಗೆ ಹಿಂಡುಗಳನ್ನು ಮುಗಿಸಿ, ಕೊನೆಗೆ ಬರುವ ಕಾವಲಿನ ಬಾಸ್‌ನನ್ನು ಕೊಲ್ಲಬೇಕು. ನಾಲ್ವರ ತಂಡಗಳು ತುಂಬ ಮೇಲಿನ ಹಂತಗಳಿಗೆ ಹೋಗತೊಡಗಿದಾಗ, ತಂಡದಲ್ಲಿ ಕೆಲವರು ಹೊಡೆಯುವುದನ್ನು ಪೂರ್ತಿ ಬಿಟ್ಟು, ಶತ್ರುಗಳನ್ನು ಒಂದೆಡೆ ಎಳೆದು ತರುವುದು, ನಿಲ್ಲಿಸುವುದು, ಜತೆಗಾರರನ್ನು ಕಾಯುವುದು, ಇಷ್ಟನ್ನೇ ಮಾಡತೊಡಗಿದರು. ಅವರಿಲ್ಲದೆ ಮೇಲಿನ ಹಂತ ಅಸಾಧ್ಯವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಆಟಗಾರರು ಅಂಥ ಪಾತ್ರಕ್ಕೆ ಇಟ್ಟ ಹೆಸರು ‘ಝೀರೊ’ ಎಂದೇ. ಅವನು ಹೊಡೆದ ಪೆಟ್ಟು ಸೊನ್ನೆ ಎಂಬ ಅರ್ಥದಲ್ಲಿ. ಗೌರವ ಇಟ್ಟುಕೊಂಡೇ ಆ ಹೆಸರನ್ನು ಬಳಸುತ್ತಿದ್ದರು, ನಿಜ. ಆದರೂ ಹೆಸರಿಡಲು ಬೇರೆ ಅಳತೆಗೋಲು ಅವರ ಬಳಿಯೂ ಇರಲಿಲ್ಲ.

ಸೊನ್ನೆ ಎಂದಾಗ ನಮ್ಮ ಮುಂಬಯಿಯ ಗೆಳೆಯನಿಗೆ ಬಾಪು ನಾಡಕರ್ಣಿ ನೆನಪಾದರು. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಅವರು 32 ಓವರು ಎಸೆದರು. ಅದರಲ್ಲಿ 27 ಮೇಡನ್, ಕೊಟ್ಟದ್ದು 5 ರನ್ನು. ಸತತವಾಗಿ 21 ಓವರುಗಳಲ್ಲಿ ಒಂದೂ ರನ್ನಿಲ್ಲ. ವಿಕೆಟ್ಟು ಸೊನ್ನೆ. ಆ ಸೊನ್ನೆಯಿಂದ ಅವರನ್ನು ಯಾರೂ ಅಳೆಯುವುದಿಲ್ಲ, ಏಕೆಂದರೆ ಕ್ರಿಕೆಟ್ಟಿನ ಲೆಕ್ಕಪುಸ್ತಕದಲ್ಲಿ ಮೇಡನ್ ಓವರಿಗೆ ಅದರದೇ ಕಂಬಸಾಲು ಇದೆ. ನಡೆಯದೆ ಹೋದದ್ದನ್ನೂ ಬರೆದಿಡಬೇಕು ಎಂದು ಯಾರೋ ಹಿಂದೆಯೇ ಯೋಚಿಸಿದ್ದರು. ಹಾಗೆ ಬರೆದಿಡದಿದ್ದರೆ ನಾಡಕರ್ಣಿಯವರ ಆ ದಿನ ವಿಕೆಟ್ಟಿಲ್ಲದ ಬೌಲರೊಬ್ಬನ ಒಂದು ಸಾಧಾರಣ ದಿನವಾಗಿ ಕಳೆದುಹೋಗುತ್ತಿತ್ತು.

2022ರಲ್ಲಿ ಬಂದ ಎಲ್ಡೆನ್ ರಿಂಗ್ ಎಂಬ ಆಟ ನಮಗೆ ತಡೆವಿದ್ಯೆಯ ಬಗ್ಗೆ ಇನ್ನೊಂದು ಪಾಠ ಹೇಳಿತು. ಅದರಲ್ಲಿ ಗಾಡ್‌ಸ್ಕಿನ್ ಡ್ಯುಯೊ ಎಂಬ ಜೋಡಿ ಬಾಸ್ ಇದೆ: ಒಬ್ಬ ಸ್ಥೂಲ, ಒಬ್ಬ ಕೃಶ. ಇಬ್ಬರಿಗೂ ಸೇರಿ ಒಂದೇ ಪ್ರಾಣದ ಪಟ್ಟಿ. ಒಬ್ಬ ಸತ್ತರೂ ಪಟ್ಟಿ ಮುಗಿಯುವ ತನಕ ಮತ್ತೆ ಎದ್ದು ಬರುತ್ತಾನೆ. ಒಬ್ಬನತ್ತ ತಿರುಗಿದರೆ ಇನ್ನೊಬ್ಬ ಬೆನ್ನಿಗೆ ಬರುತ್ತಾನೆ. ನಾವು ಅದೆಷ್ಟೋ ರಾತ್ರಿ ಅಲ್ಲಿ ಸೋತೆವು. ಆಮೇಲೆ ತಿಳಿಯಿತು, ಇಬ್ಬರೂ ನಿದ್ದೆಗೆ ಬೇಗ ಸೋಲುವವರು. ನಿದ್ದೆ ತರುವ ಮಡಕೆಯನ್ನು ಎಸೆದರೆ ಒಬ್ಬ ತೂಕಡಿಸಿ ಕೂರುತ್ತಾನೆ. ಅವನನ್ನು ಮುಟ್ಟದೆ ಇನ್ನೊಬ್ಬನ ಜತೆ ಕಾದಬಹುದು. ಇಬ್ಬರ ಹೋರಾಟ ಒಬ್ಬರ ಹೋರಾಟವಾಗುತ್ತದೆ. ಆ ಮಡಕೆ ಎಸೆಯುವ ಕೆಲಸಕ್ಕೆ ನಮ್ಮಲ್ಲಿ ಯಾರೂ ಮುಂದೆ ಬರಲಿಲ್ಲ, ಚೀಟಿ ಎತ್ತಬೇಕಾಯಿತು. ಚೀಟಿ ಬಂದವನು ಹೋರಾಟವೆಲ್ಲ ಮುಗಿದ ಮೇಲೆ, “ನಾ ಏನ್ ಮಾಡ್ದೆ ಇದರಾಗ?” ಎಂದು ಕೇಳಿದ. ಹೆಡ್‌ಫೋನಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ನಮ್ಮದೇ ಮಾತು ನಮಗೆ ಕೇಳಿಸಿತ್ತು.

2023ರಲ್ಲಿ ಡಯಾಬ್ಲೊ 4 ಬಂತು. ಅಲ್ಲಿಯೂ ಬಾಸ್‌ನನ್ನು ನೇರವಾಗಿ ಹೆಪ್ಪುಗಟ್ಟಿಸಲಾಗದು. ಆದರೆ ಪ್ರಾಣದ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಇದೆ. ನಾವು ಹಾಕುವ ಒಂದೊಂದು ತಡೆಯೂ, ಅದು ಹಿಮವಾಗಲಿ, ದಿಗ್ಭ್ರಮೆಯಾಗಲಿ, ನಿಧಾನವಾಗಲಿ, ಆ ಎರಡನೆಯ ಪಟ್ಟಿಗೆ ಒಂದಿಷ್ಟು ಕೂಡುತ್ತದೆ. ಪಟ್ಟಿ ತುಂಬಿದಾಗ ಬಾಸ್ ತತ್ತರಿಸಿ ಕೆಲವು ಸೆಕೆಂಡು ಅಸಹಾಯಕವಾಗಿ ನಿಲ್ಲುತ್ತದೆ. 2024ರ ಡಿಸೆಂಬರಿನಲ್ಲಿ ಹೊರಬಂದ ಪಾತ್ ಆಫ್ ಎಕ್ಸೈಲ್ 2ರಲ್ಲೂ ಇಂಥದೇ ಕ್ರಮ: ದಿಗ್ಭ್ರಮೆಯೂ ಹಿಮವೂ ಹನಿಹನಿಯಾಗಿ ಕೂಡಿ, ತುಂಬಿದಾಗ ಫಲ ಕೊಡುತ್ತವೆ. ರಚನೆಯ ಪ್ರಶ್ನೆಗೆ ಇದು ಜಾಣ ಉತ್ತರ. ಬಾಸ್ ತನ್ನ ಪ್ರಶ್ನೆಗಳನ್ನು ಕೇಳುತ್ತದೆ, ತಡೆಯುವವನೂ ವ್ಯರ್ಥವಾಗುವುದಿಲ್ಲ. ನಮಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ. ತಡೆಯುವವನ ಕೆಲಸ ಮೊದಲ ಬಾರಿಗೆ ನಮ್ಮ ಕಣ್ಣಿಗೆ ಒಂದು ಪಟ್ಟಿಯಾಗಿ ಕಂಡಿತ್ತು. ಮೊದಲ ಸಲ ಆ ಪಟ್ಟಿ ತುಂಬಿ ಬಾಸ್ ತತ್ತರಿಸಿದಾಗ ಪುಣೆಯವನು ಹೇಳಿದ: “ಇದು ಆವಾಗ ಇದ್ದಿದ್ರ ಅವಾ ಹೋಗ್ತಿದ್ದಿಲ್ಲ.” ಯಾರು ಎಂದು ಉಳಿದಿಬ್ಬರು ಕೇಳಲಿಲ್ಲ.

ನಾಲ್ಕನೆಯವನು ಈಗ ಹೈದರಾಬಾದಿನಲ್ಲಿದ್ದಾನೆ. ಪುಣೆಯ ಹೋಟೆಲು ಮುಚ್ಚಿ ವರ್ಷಗಳಾದವು. ಡಯಾಬ್ಲೊ 2ಅನ್ನು 2021ರಲ್ಲಿ ಹೊಸ ಚಿತ್ರಗಳೊಂದಿಗೆ ಮತ್ತೆ ತಂದಿದ್ದಾರೆ; ನಾವು ಅವನಿಗೆ ಫೋನು ಮಾಡಿ, ಬರುತ್ತೀಯಾ ಎಂದು ಕೇಳಿದೆವು. ಕ್ಷಮೆಯ ಮಾತು ಆಡಬೇಕೆಂದು ಮೊದಲೇ ನಿಶ್ಚಯಿಸಿದ್ದೆವಾದರೂ ಫೋನಿನಲ್ಲಿ ಯಾರ ಬಾಯಿಂದಲೂ ಅದು ಹೊರಡಲಿಲ್ಲ. ಅವನು ಒಂದು ದಿನ ಬಿಟ್ಟು ಸಂದೇಶ ಕಳಿಸಿದ: “ಆಯ್ತು. ನಾನು ನೆಕ್ರೊ.”

ಮೊದಲ ಸುತ್ತು ಮುಗಿಸಿ ನೈಟ್‌ಮೇರಿನ ಡ್ಯೂರಿಯೆಲ್‌ನ ಬಾಗಿಲಿಗೆ ಬರಲು ನಮಗೆ ಎರಡು ತಿಂಗಳ ಭಾನುವಾರಗಳು ಬೇಕಾದವು. ಒಳಗೆ ಹೋಗುವ ಮುನ್ನ ಬೇಕೆಂದೇ ಯಾರೂ ಸಲಹೆ ಕೊಡಲಿಲ್ಲ. ಹೊಕ್ಕ ಕೂಡಲೇ ಡಿಕ್ರೆಪಿಫೈ ಬಿತ್ತು. ಕಠಿಣ ಸುತ್ತುಗಳಲ್ಲಿ ಶಾಪದ ಆಯುಷ್ಯ ಕಡಿಮೆ. ಅವನು ಬಿಟ್ಟೂಬಿಡದೆ ಹಾಕುತ್ತಲೇ ಇದ್ದ. ಮಣ್ಣಿನ ಗೊಂಬೆ ಮುಂದೆ ಹೋಗಿ ನಿಂತಿತು. ಕುಡುಗೋಲಿನ ಕೈಗಳು ನೀರಿನಲ್ಲಿ ಎತ್ತಿದಂತೆ ಮೆಲ್ಲಗೆ ಏಳುತ್ತಿದ್ದವು, ಮೆಲ್ಲಗೆ ಇಳಿಯುತ್ತಿದ್ದವು. ಔಷಧಿ ಕುಡಿಯಲು ಹೊತ್ತಿತ್ತು, ಹಿಂದೆ ಸರಿಯಲು ಹೊತ್ತಿತ್ತು. ಕೆಂಪು ಪಟ್ಟಿ ನಿಧಾನವಾಗಿ, ಬಹಳ ನಿಧಾನವಾಗಿ ಕರಗಿತು. ಯಾರೂ ಸಾಯಲಿಲ್ಲ.

ಗೆದ್ದ ಮೇಲೆ ನಾವು ಹೇಳಬೇಕೆಂದಿದ್ದನ್ನು ಕೊನೆಗೂ ಹೇಳಿದೆವು. ಅವತ್ತು ನೀನು ನಮ್ಮನ್ನು ಉಳಿಸಲು ನೋಡುತ್ತಿದ್ದೆ, ನಾವು ತಿಳಿಯಲಿಲ್ಲ ಎಂದು. ಅವನು ನಕ್ಕ. “ಹಾಗೇನೂ ಇಲ್ಲ ಮಾರಾಯ. ಆ ಬಾಗಿಲ ಹತ್ತಿರದ ಕಂಪ್ಯೂಟರು ನೆನಪುಂಟಾ? ನಾಲ್ಕು ಜನ ಒಟ್ಟಿಗೆ ಹೊಡೀಲಿಕ್ಕೆ ಶುರು ಮಾಡಿದರೆ ಅದರಲ್ಲಿ ಎಲ್ಲ ನಿಂತು ನಿಂತು ಬರ್ತಿತ್ತು. ಬಾಸ್ ನಿಧಾನ ಆಗದಿದ್ದರೆ ನನಗೆ ಏನೂ ಕಾಣ್ತಿರಲಿಲ್ಲ. ಅದಕ್ಕೇ ಹಾಕ್ತಿದ್ದೆ.”

ಆ ಕಂಪ್ಯೂಟರಿನಲ್ಲಿ ನಮ್ಮಲ್ಲಿ ಯಾರೂ ಒಂದು ದಿನವೂ ಕೂತಿರಲಿಲ್ಲ. ಬೇಗ ಬಂದವರು ನಾವು. ಒಳ್ಳೆಯದನ್ನು ಹಿಡಿದುಕೊಂಡವರೂ ನಾವೇ. ಇಪ್ಪತ್ತು ವರ್ಷ ಮೊದಲು ಅವನನ್ನು ಕೈಲಾಗದವನೆಂದು ತಿಳಿದಿದ್ದೆವು, ಈಚೆಗೆ ತ್ಯಾಗಿಯೆಂದು ತಿಳಿಯಲು ಹೊರಟಿದ್ದೆವು. ಎರಡೂ ಸಲ ಅವನ ಪರದೆ ಹೇಗೆ ಕಾಣುತ್ತಿದೆ ಎಂದು ಕೇಳಿರಲಿಲ್ಲ. ಅರ್ಧ ಗಂಟೆ ಬೇಗ ಬಂದ ನಮ್ಮಲ್ಲೊಬ್ಬ ಎದ್ದು ಜಾಗ ಕೊಟ್ಟಿದ್ದರೆ ಏನಾಗುತ್ತಿತ್ತೋ ತಿಳಿಯದು. ಅವನು ಆಂಪ್ಲಿಫೈಯನ್ನೇ ಹಾಕುತ್ತಿದ್ದನೇನೋ, ನಾವೆಲ್ಲ ಇನ್ನೂ ಬೇಗ ಸಾಯುತ್ತಿದ್ದೆವೇನೋ.

ಹಳೆಯ ಆಟದ ಹೊಸ ರೂಪದಲ್ಲೂ ಎರಡನೆಯ ಪಟ್ಟಿ ಇಲ್ಲ. ಹಾಗಾಗಿ ಈಗ ಹೋರಾಟ ಮುಗಿದ ಮೇಲೆ ಬಾಯಲ್ಲೇ ಹೇಳುವ ಪದ್ಧತಿ ಇಟ್ಟುಕೊಂಡಿದ್ದೇವೆ: ಇಲ್ಲಿ ನಾನು ಸಾಯಬೇಕಾಗಿತ್ತು, ನಿನ್ನ ಶಾಪ ಬಿತ್ತು, ಉಳಿದೆ. ಅವನು “ಸಾಕು ಮಾರಾಯ” ಎನ್ನುತ್ತಾನೆ. ಮುಂದಿನ ಭಾನುವಾರ ಮೆಫಿಸ್ಟೊ. ರಾತ್ರಿ ಹತ್ತಕ್ಕೆ ಎಂದು ಮಾತಾಗಿದೆ. ಗಲ್ಲಾ ಇಲ್ಲದಿದ್ದರೂ ಅವನು ಈಗಲೂ ಹತ್ತು ನಿಮಿಷ ತಡವಾಗಿಯೇ ಬರುತ್ತಾನೆ. ಅವನು ಬರುವ ತನಕ ನಾವು ಆಟ ಶುರು ಮಾಡುವುದಿಲ್ಲ.